ಗೇಟಿನ ಹೊರಗಿನ ವೃತ್ತ

"ಏ ದುರಗಿ! ಯಾರ್ನ ಕೇಳಿ ಗೀಚಾಕತ್ತೀದಿ ಅಲ್ಲಿ? ಅಳಸು! ಅಳಸಂದ್ರ ಅಳಸಬೇಕು ರಂಡಿ, ಮಕಾ ಏನ್ ನೋಡ್ತಿ?"

ಗೇಟಿನಾಚೆಯ ಕಟ್ಟೆಯ ಮೇಲಿಂದ ಊರ ಯಜಮಾನ ಕರಿಬಸಪ್ಪಗೌಡನ ದನಿ ಬಂದಾಗ ದುರಗಮ್ಮ ಹನುಮಪ್ಪನ ಗುಡಿಯ ಪೌಳಿಯ ಅಂಗಳದಲ್ಲಿ ಬಗ್ಗಿ, ಬ್ಲೀಚಿಂಗ್ ಪುಡಿಯಿಂದ ನೆಲದ ಮೇಲೆ ವೃತ್ತ ಎಳೆಯುತ್ತಿದ್ದಳು. ಒಂದು ವೃತ್ತಕ್ಕೆ ಒಂದು ಮಗು. ಬೇವಿನ ಮರದ ನೆರಳು ಬೀಳುವ ಕಡೆಯೆಲ್ಲ ಎಳೆದು ಮುಗಿಸಿ, ಗೋಡೆಯ ಬದಿಗೆ ಕೊನೆಯ ನಾಲ್ಕಕ್ಕೆ ಕೈ ಹಾಕಿದ್ದಳು. ಆ ನಾಲ್ಕು ತಮ್ಮ ಕೇರಿಯ ಮಕ್ಕಳಿಗೆ ಎಂದು ಅವಳು ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳದಿದ್ದರೂ ಗೌಡನಿಗೆ ತಿಳಿಯಿತು. ಇಂಥದ್ದೆಲ್ಲ ಆ ಮನುಷ್ಯನಿಗೆ ಬೇಗ ತಿಳಿಯುತ್ತದೆ.

"ಸರ್ ಹೇಳ್ಯಾರ್ರಿ ಯಪ್ಪಾ. ಎಲ್ಲಾ ಹುಡುಗರಿಗೂ ಒಂದೊಂದು ರೌಂಡ್ ಹಾಕು ಅಂದಾರ."

"ಎಲ್ಲಾ ಅಂದ್ರ ನಿಮ್ಮ ಕೇರೀವಕ್ಕೂ ಅಂತೇನು? ಪೌಳ್ಯಾಗ? ಅಂತರ ಕಾಯ್ರಿ ಅಂತ ಟಿವ್ಯಾಗ ದಿನಾ ಹೊಯ್ಕೋತಾರ, ಕಿವಿಗೆ ಕಲ್ಲು ಬಿದ್ದಾವೇನು? ನಮ್ಮಪ್ಪ, ನಮ್ಮ ಮುತ್ಯಾ ಆಗಿಂದನ ಹೇಳ್ತಿದ್ರು ಅಂತರ ಇರ್ಲಿ ಅಂತ. ಸರಕಾರಕ್ಕ ಈಗ ಬುದ್ಧಿ ಬಂದೈತಿ ನೋಡು."

ಕಟ್ಟೆಯ ಮೇಲಿದ್ದವರು ಹೋ ಎಂದು ನಕ್ಕರು. ಒಬ್ಬರ ಮಾಸ್ಕೂ ಮೂಗಿನ ಮೇಲಿರಲಿಲ್ಲ. ಎಲ್ಲರದೂ ಗದ್ದಕ್ಕೆ ಜೋತುಬಿದ್ದಿತ್ತು.

ದುರಗಮ್ಮ ಕಾಲಿನಿಂದ ನಾಲ್ಕೂ ವೃತ್ತಗಳನ್ನು ಒರೆಸಿದಳು. ಪುಡಿ ಅಂಗಾಲಿನ ಬಿರುಕಿಗೆ ಇಳಿದು ಚುರುಗುಟ್ಟಿತು. ಪೌಳಿಯ ಕಸ ಹೊಡೆಯಲು ಅವಳು ಒಳಗೆ ಬರಬಹುದು, ಸೆಗಣಿ ಬಳಿಯಲು ಬರಬಹುದು, ಪಂಚಾಯ್ತಿಯ ಪುಡಿ ಚೆಲ್ಲಲೂ ಬರಬಹುದು. ಬರದಿದ್ದರೆ ಬೈಗುಳ ಬೇರೆ. ಆದರೆ ಅವಳ ಮಗಳು ಅದೇ ನೆಲದ ಮೇಲೆ ಕುಂಡಿ ಊರಿ ಕೂತರೆ ಹನುಮಪ್ಪನಿಗೆ ಮೈಲಿಗೆ. ಯಾವ ಲೆಕ್ಕವಪ್ಪಾ ಇದು ಎಂದುಕೊಳ್ಳುತ್ತ ಅವಳು ಪುಡಿಯ ಬುಟ್ಟಿ ಎತ್ತಿಕೊಂಡಳು.

ಅಷ್ಟರಲ್ಲಿ ಕೊಪ್ಪಳದಿಂದ ಗಾಡಿ ಹತ್ತಿ ಬರುವ ಪರಮೇಶ ಮಾಸ್ತರ ಬಂದಿಳಿದ. ಕೊರೋನಾ ಬಂತೆಂದು ಮಾರ್ಚಿನಲ್ಲಿ ಶಾಲೆಗೆ ಬಿದ್ದ ಬೀಗ ಮಳೆಗಾಲ ಮುಗಿಯುತ್ತ ಬಂದರೂ ತೆಗೆದಿರಲಿಲ್ಲ. ಮಾಸ್ತರರೇ ಊರೊಳಗೆ ಹೋಗಿ ಗುಡಿಯೋ ಕಟ್ಟೆಯೋ ಮರವೋ, ಎಲ್ಲಿ ಜಾಗ ಸಿಕ್ಕೀತೋ ಅಲ್ಲಿ ಪಾಠ ಹೇಳಬೇಕೆಂದು ಮೇಲಿನಿಂದ ಅಪ್ಪಣೆಯಾಗಿತ್ತು. ಒರೆಸಿದ ವೃತ್ತಗಳನ್ನು ಮಾಸ್ತರ ನೋಡಿದ, ಗೌಡನನ್ನು ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿದ.

"ಗೇಟಿನ ಹೊರಗ ಹಾಕಿಬಿಡು ದುರಗಮ್ಮ. ಗಟಾರದ ಬಾಜೂಕ. ಅಲ್ಲಿಗೂ ಕೇಳಸ್ತೈತಿ ಬಿಡು."

"ಅಲ್ಲಿ ನೆಳ್ಳಿಲ್ರಿ ಸರ್."

"ನನ್ನ ಕೈಯಾಗ ಏನೈತಿ?" ಎಂದ ಮಾಸ್ತರ. ಕೈಯಲ್ಲಿ ಬಳಪದ ಡಬ್ಬಿ ಇತ್ತು.

*

ದುರಗಮ್ಮನ ಮಗಳು ಹುಲಿಗೆಮ್ಮ ಏಳನೇ ಇಯತ್ತೆ. ಮನೆಯಲ್ಲಿ, ಕೇರಿಯಲ್ಲಿ ಎಲ್ಲರ ಬಾಯಲ್ಲೂ ಹುಲಿಗಿ. ಶಾಲೆ ನಡೆಯುತ್ತಿದ್ದಾಗ ಆ ಹುಡುಗಿಯ ಬಾಯಿಗೆ ಬಿಡುವೇ ಇರಲಿಲ್ಲ. ಮಧ್ಯಾಹ್ನದ ಬಿಸಿಯೂಟ ಉಂಡು ಬಂದು, ಸಾರಿನಲ್ಲಿ ಏನಿತ್ತು, ಯಾರು ಯಾರಿಗೆ ಹೊಡೆದರು, ಮಾಸ್ತರ ಏನೆಂದ, ಎಲ್ಲವನ್ನೂ ಅಭಿನಯ ಮಾಡಿ ತೋರಿಸುವವಳು. ಈಗ ಬಿಸಿಯೂಟವೂ ಇಲ್ಲ, ಮಾತೂ ಇಲ್ಲ. ಉಗುರು ಕಚ್ಚಿ ಕಚ್ಚಿ ಬೆರಳ ತುದಿಯೆಲ್ಲ ಕೆಂಪಾಗಿತ್ತು. ಫೋನಿನಲ್ಲಿ ಪಾಠ ಕೇಳೋಣವೆಂದರೆ ಮನೆಯ ಒಂದೇ ಫೋನು ಅವಳಪ್ಪ ಪಕ್ಕೀರಪ್ಪನ ಜೊತೆ ಗಿಣಿಗೇರಾದಲ್ಲಿತ್ತು. ಅವನು ಅಲ್ಲಿ ಕಾರ್ಖಾನೆಯ ಲಾರಿಗೆ ಮಾಲು ತುಂಬುತ್ತಿದ್ದ.

ಹಾಗಿದ್ದ ಹುಡುಗಿ ಗುಡಿಯಲ್ಲಿ ಪಾಠ ಶುರುವಾಗುತ್ತದೆ ಎಂದಾಗ ಹಿಂದಿನ ದಿನವೇ ತಲೆ ಎರೆದುಕೊಂಡಿದ್ದಳು. ಹೋಗಿ ಕೂತದ್ದು ಗಟಾರದ ಪಕ್ಕ, ನೆತ್ತಿ ಸುಡುವ ಬಿಸಿಲಿನಲ್ಲಿ. ಅಲ್ಲಿಂದ ಬೋರ್ಡು ಕಾಣುವುದಿಲ್ಲ, ಮಾಸ್ತರನ ಮುಖ ಕಾಣುವುದಿಲ್ಲ. ಗಾಳಿ ಈ ಕಡೆ ಬೀಸಿದರೆ ಒಂದು ಮಾತು ಸಿಕ್ಕಿತು, ಆ ಕಡೆ ಬೀಸಿದರೆ ಅದೂ ಹೋಯಿತು. ಹಾಜರಿ ಕೂಗುವಾಗ ಹುಲಿಗಿ ಗಂಟಲು ಹರಿಯುವಂತೆ "ಹಾಜರ್ ಸರ್" ಎನ್ನುತ್ತಿದ್ದಳು. ಒಳಗಿನಿಂದ "ಹುಲಿಗೆಮ್ಮ ಬಂದಿಲ್ಲೇನು?" ಎಂದು ಮಾಸ್ತರ ಕೇಳುವುದು, ಒಳಗಿನ ಹುಡುಗರು ಕಿಸಿಕಿಸಿ ನಗುವುದು, ಮಾಸ್ತರ ಮುಂದಿನ ಹೆಸರಿಗೆ ಹೋಗುವುದು. ಇದೇ ದಿನದ ಪಾಠವಾಯಿತು.

ಒಂದು ಸಂಜೆ ರೊಟ್ಟಿ ಬಡಿಯುವ ಅವ್ವನ ಪಕ್ಕ ಕೂತು ಹುಲಿಗಿ ತಾನಾಗಿ ಬಾಯಿ ಬಿಟ್ಟಳು.

"ಯವ್ವಾ, ಇವತ್ತು ಸರ್ ಮನಸಿನ ಆರೋಗ್ಯದ ಪಾಠ ಹೇಳಿದ್ರು. ಮ್ಯಾಲಿಂದ ಕಾಗದ ಬಂದೈತಂತ."

"ಏನಂತ?"

"ಹುಡುಗ್ರು ಚಿಂತಿ ಮಾಡಬಾರದಂತ. ಮನಸು ಹಗರ ಇಟ್ಕೋಬೇಕಂತ. ಹಣ್ಣು ತಿನಬೇಕಂತ, ನೆಳ್ಳಾಗ ಕುಂತು ಚಿತ್ರ ಬರೀಬೇಕಂತ. ಬ್ಯಾಸರಾದ್ರ ಯಾರರ ಮುಂದ ಹೇಳ್ಕೋಬೇಕಂತ."

"ಮತ್ತ ಹೇಳ್ಕೋಬೇಕಿಲ್ಲ ನಿಮ್ಮ ಸರ್ ಮುಂದ?"

"ಹೆಂಗ ಹೇಳ್ಲಿ? ಕೇಳಸಂಗಿಲ್ಲಲ್ಲ ಅವ್ರಿಗೆ."

ದುರಗಮ್ಮನಿಗೆ ಮೊದಲು ನಗು ಬಂತು. ನಕ್ಕಳು. ನಗುತ್ತ ನಗುತ್ತಲೇ ಅಂಗೈ ಜೋರಾಗಿ ಬಿದ್ದು, ಬಡಿಯುತ್ತಿದ್ದ ರೊಟ್ಟಿ ಹರಿದುಹೋಯಿತು. "ಅವರ ಬಾಯಾಗ ಮಣ್ಣ ಹಾಕ" ಎಂದು ಹರಿದ ರೊಟ್ಟಿಯನ್ನೇ ಹಂಚಿಗೆ ಹಾಕಿದಳು.

*

ಊರಿನ ಆಶಾ ಕಾರ್ಯಕರ್ತೆ ಖುರ್ಷಿದಾ ಜ್ವರ ನೋಡುವ ಗನ್ನು ಹಿಡಿದು ಬಂದ ದಿನ ದುರಗಮ್ಮ ಗಟಾರದ ಹೂಳು ಎತ್ತುತ್ತ ಅಲ್ಲೇ ಇದ್ದಳು. ಒಳಗಿನ ಮಕ್ಕಳ ಹಣೆಗೆಲ್ಲ ಹಿಡಿದು ಮುಗಿಸಿ ಖುರ್ಷಿದಾ ಹೊರಗೆ ಬಂದಳು. ಬೆಳಗಿನಿಂದ ಬಿಸಿಲು ಕುಡಿದು ಕೂತಿದ್ದ ಹುಲಿಗಿಯ ಹಣೆಗೆ ಹಿಡಿದದ್ದೇ ತಡ, ಗನ್ನು ಪೀಂ ಪೀಂ ಎಂದು ಕೆಂಪಗೆ ಉರಿಯಿತು.

ಮಾಸ್ತರ ಗೇಟಿನ ತನಕ ಬಂದವನು ಹಿಂದಕ್ಕೆ ಸರಿದ. ಕಟ್ಟೆಯ ಮೇಲಿಂದ ಗೌಡ ಎದ್ದು ನಿಂತ.

"ಗಾಬರಿ ಆಗಬ್ಯಾಡ್ರಿ" ಎಂದಳು ಖುರ್ಷಿದಾ. "ಬಿಸಲಾಗ ಕುಂತೈತಿ ಕೂಸು, ಅದಕ್ಕ ಹಣಿ ಕಾದೈತಿ. ಸ್ವಲ್ಪ ಹೊತ್ತು ನೆಳ್ಳಾಗ ಕುಂದ್ರಸಿ ಮತ್ತ ನೋಡ್ತೀನ್ರಿ."

ನೆರಳು ಇದ್ದದ್ದು ಪೌಳಿಯ ಒಳಗೆ.

"ಕಾಲಿಟ್ರ ನೋಡು!" ಗೌಡ ಚೀರಿದ. "ಒಳಗ ನನ್ನ ಮೊಮ್ಮಗಳು ಕುಂತಾಳ. ರೋಗಾ ತಂದು ಊರು ಸಾಯಿಸಬೇಕಂತ ಮಾಡೀರೇನಲೇ ಹಲಕಟ್ ಮಂದಿ! ನಡೀರಿ, ನಾಕೂ ನಡೀರಿ ಇಲ್ಲಿಂದ!"

"ಯಪ್ಪಾ, ರಾತ್ರೆಲ್ಲಾ ನನ್ನ ಮಗ್ಗಲ್ದಾಗ ಮಲಗಿತ್ರಿ, ಮೈ ತಣ್ಣಗಿತ್ರಿ..." ಎಂದು ದುರಗಮ್ಮ ಸಲಿಕೆ ಬಿಟ್ಟು ಓಡಿಬಂದಳು.

"ನೀ ಏನ್ ಡಾಕ್ಟರೇನು? ಬಾಯಿ ಮುಚ್ಕೊಂಡು ಕರ್ಕೊಂಡು ಹೋಗು."

ಆ ಸಂಜೆಯೇ ಕೇರಿಯ ದಾರಿಗೆ ಅಡ್ಡ ಜಾಲಿಮುಳ್ಳು ಬಿತ್ತು. ಹುಲಿಗಿಯನ್ನು ಆಸ್ಪತ್ರೆಯ ಗಾಡಿಯಲ್ಲಿ ಕರೆದೊಯ್ದು ಗಂಟಲಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದರು. ರೋಗವಿಲ್ಲ ಎಂದು ವರದಿ ಬಂತು. ವರದಿ ಬಂದರೂ ಮುಳ್ಳು ಹೋಗಲಿಲ್ಲ. ಆದರೆ ಗೌಡನ ಗದ್ದೆಯಲ್ಲಿ ಕಳೆ ಬೆಳೆದಿತ್ತು. ಬೆಳಗಾದರೆ ಅವನ ಆಳು ಬಂದು ಮುಳ್ಳು ಸರಿಸಿ ಕಳೆ ಕೀಳುವ ಹೆಂಗಸರನ್ನು ಹೊರಗೆ ಬಿಡುತ್ತಿದ್ದ, ಕಸ ಹೊಡೆಯಲು ದುರಗಮ್ಮನನ್ನು ಬಿಡುತ್ತಿದ್ದ, ಸಂಜೆ ಅವರು ಮರಳಿದ ಮೇಲೆ ಮತ್ತೆ ಎಳೆಯುತ್ತಿದ್ದ. ಕಳೆ ಕೀಳುವ ಹೊತ್ತಿನಲ್ಲಿ ಕೊರೋನಾ ಸುಮ್ಮನೆ ಮಲಗಿರುತ್ತಿತ್ತು ಅನ್ನಬೇಕು. ಪಾಠಕ್ಕೆ ಹೋಗುವ ಮಕ್ಕಳಿಗೆ ಮಾತ್ರ ಅದು ಎಚ್ಚರವಾಗಿ ಕಾದು ಕೂತಿರುತ್ತಿತ್ತು.

ಮುಳ್ಳು ಸರಿಸಿದ ಹೊತ್ತಿನಲ್ಲಿ ಹುಲಿಗಿ ನೀರಿಗೆ ಹೋದಾಗ ಊರ ಹುಡುಗರು ದೂರದಿಂದಲೇ "ಕೊರೋನಾ ಹುಲಿಗಿ, ಕೊರೋನಾ ಹುಲಿಗಿ" ಎಂದು ಕೂಗಿದರು. ಅವಳ ಜೊತೆಯಲ್ಲೇ ಓದುವ ಗೌಡನ ಮೊಮ್ಮಗಳು ಅನ್ನಪೂರ್ಣ ಮುಖ ತಿರುಗಿಸಿಕೊಂಡು ಹೋದಳು. ಹುಲಿಗಿ ಮನೆಗೆ ಬಂದು ಪಾಟಿಚೀಲವನ್ನು ಅಟ್ಟದ ಮೇಲೆ ಎಸೆದಳು.

"ನನಗ ಸಾಲಿ ಬ್ಯಾಡ. ನಾಳಿಂದ ಕೇರಿ ಹೆಂಗಸರ ಜೋಡಿ ಕಳಿ ಕೀಳಾಕ ಹೋಗ್ತೀನಿ."

"ಏನಂದಿ?"

"ಅಲ್ಲೂ ಬಿಸಲಾಗ ಕುಂದ್ರೂದು, ಇಲ್ಲೂ ಬಿಸಲಾಗ ಬಗ್ಗೂದು. ಕಳಿ ಕಿತ್ರ ಕೂಲಿಯರ ಸಿಗತೈತಿ."

ದುರಗಮ್ಮ ಮಗಳ ಕೆನ್ನೆಗೆ ಬಾರಿಸಿದಳು. ಬಾರಿಸಿದ ಕೈಯಿಂದಲೇ ಅವಳನ್ನು ಎಳೆದು ಎದೆಗೊತ್ತಿಕೊಂಡಳು. ಹುಡುಗಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು, ಒಣಗಿದ ಕಟ್ಟಿಗೆಯಂತೆ ನಿಂತಿತು ಅಷ್ಟೆ. ತಾನೂ ಇದೇ ವಯಸ್ಸಿಗೆ ಗದ್ದೆಗೆ ಇಳಿದವಳು, ಇಳಿದವಳು ಮತ್ತೆ ಮೇಲೆ ಹತ್ತಲಿಲ್ಲ ಎನ್ನುವುದು ದುರಗಮ್ಮನಿಗೆ ಗೊತ್ತಿತ್ತು. ಒಂದು ದಿನ ಕಳೆಗೆ ಹೋದರೆ ಈ ಹುಡುಗಿ ಮುಗಿಯಿತು.

*

ಮರುದಿನ ಬೆಳಗ್ಗೆ ಆಳು ಮುಳ್ಳು ಸರಿಸಿದಾಗ ದುರಗಮ್ಮನ ಹಿಂದೆ ಹುಲಿಗಿಯೂ ಇದ್ದಳು, ಪಾಟಿಚೀಲದ ಸಮೇತ.

"ಈಕಿ ಎಲ್ಲಿಗೆ?"

"ಕಸಾ ಎತ್ತಾಕ" ಎಂದಳು ದುರಗಮ್ಮ. ಕಸಕ್ಕೆ ಎಂದ ಮೇಲೆ ಅವನು ಮತ್ತೇನೂ ಕೇಳಲಿಲ್ಲ.

ಪೌಳಿ ಗುಡಿಸಿ, ಬುಟ್ಟಿಯ ಪುಡಿಯಿಂದ ಎಂದಿನಂತೆ ವೃತ್ತ ಎಳೆದಳು. ಕೊನೆಗೆ ಬೇವಿನ ಬೊಡ್ಡೆಯ ಪಕ್ಕ, ನೆರಳು ಎಲ್ಲಕ್ಕಿಂತ ದಟ್ಟವಾಗಿದ್ದ ಕಡೆ, ಪೂಜೆಗೆ ಬಂದಾಗ ಗೌಡ ಕೂರುವ ಕುರ್ಚಿಯನ್ನು ಎತ್ತಿ ಗೋಡೆಗೆ ಸರಿಸಿ ಅಲ್ಲೊಂದು ದೊಡ್ಡ ವೃತ್ತ ಎಳೆದಳು. ಮಡಿಲಿನಿಂದ ಒಂದು ಶಾಲು ತೆಗೆದು ಅದರೊಳಗೆ ಹಾಸಿದಳು. ಆಗಸ್ಟ್ ಹದಿನೈದಕ್ಕೆ ಅವಳನ್ನು ಕೊರೋನಾ ವಾರಿಯರ್ ಎಂದು ಸನ್ಮಾನ ಮಾಡಿದ್ದರು. ಹೊದಿಸಿದರೆ ಮೈ ತಾಕೀತೆಂದು ಗೌಡ ಆ ಶಾಲನ್ನು ದೂರದಿಂದ ಎಸೆದಿದ್ದ, ಅವಳು ಸೆರಗೊಡ್ಡಿ ಹಿಡಿದಿದ್ದಳು.

"ಕುಂದ್ರು."

"ಯವ್ವಾ, ಬೈತಾರ."

"ಬೈಲಿ. ಕುಂದ್ರು ನೀ."

ಮಕ್ಕಳು ಬಂದರು. ಹುಲಿಗಿಯನ್ನು ಕಂಡು ಗೇಟಿನಲ್ಲಿ ಗುಂಪುಗಟ್ಟಿ, ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ವೃತ್ತಕ್ಕೆ ಹೋಗಿ ಕೂತರು. ಮಾಸ್ತರ ಬಂದು, ಗೌಡ ಬರುತ್ತಾನೇನೋ ಎಂದು ದಾರಿಯ ಕಡೆ ನೋಡಿದ. ಖುರ್ಷಿದಾಳನ್ನು ದುರಗಮ್ಮನೇ ಕರೆಸಿದ್ದಳು.

"ಖುರ್ಷಿದಕ್ಕಾ, ಹಿಡಿ ಈಗ ಆ ಗನ್ನು. ಎಲ್ಲಾರ ಮುಂದ ಹಿಡಿ."

ಖುರ್ಷಿದಾ ಹುಲಿಗಿಯ ಹಣೆಗೆ ಹಿಡಿದಳು. ಗನ್ನು ಹಸಿರು ತೋರಿಸಿತು. "ಏನಿಲ್ರಿ ಸರ್. ಇವಕ್ಕೆಲ್ಲಾ ಹೆಂಗೈತೋ ಹಂಗ ಐತಿ" ಎಂದಳು.

ಅಷ್ಟರಲ್ಲಿ ಸುದ್ದಿ ಮುಟ್ಟಿ ಗೌಡ ಓಡುತ್ತ ಬಂದ. ಪಂಚೆ ಒಂದು ಕೈಯಲ್ಲಿ, ಕೋಲು ಒಂದು ಕೈಯಲ್ಲಿ. ಹಿಂದೆ ಕಟ್ಟೆಯ ಮಂದಿ.

"ಯಾವ ಬೋಸುಡಿ ಮಗಳು ಕುಂದ್ರಸಿದಾಕಿ ಅದನ್ನ ಅಲ್ಲಿ? ಎಬ್ಬಸ್ರಲೇ! ಎಳದು ಹೊರಗ ಒಗೀರಿ!"

ದುರಗಮ್ಮ ಗೇಟಿನಲ್ಲಿ ನಿಂತಳು. ಬುಟ್ಟಿಯಲ್ಲಿ ಉಳಿದಿದ್ದ ಪುಡಿಯನ್ನೆಲ್ಲ ಗೇಟಿನ ಉದ್ದಕ್ಕೂ, ಗೌಡನ ಕಾಲ ಮುಂದೆ, ಒಂದೇ ಸಲಕ್ಕೆ ಸುರಿದು ಬಿಳಿ ಗೆರೆ ಎಳೆದಳು.

"ಅಲ್ಲೇ ನಿಲ್ರಿ ಗೌಡ್ರ. ಅಂತರ ಕಾಯ್ರಿ."

ಪುಡಿಯ ಘಾಟು ಎದ್ದು ಗೌಡನ ಮೂಗಿಗೆ ಬಡಿಯಿತು. ಅವನು ಏನೋ ಬೈಯಲು ಬಾಯಿ ತೆರೆದ, ಬೈಗುಳದ ಬದಲು ಕೆಮ್ಮು ಬಂತು. ಬಗ್ಗಿ ಬಗ್ಗಿ ಕೆಮ್ಮಿದ. ಕಣ್ಣಲ್ಲಿ ನೀರು, ಗದ್ದದ ಮೇಲೆ ಮಾಸ್ಕು. ಹಿಂದೆ ನಿಂತಿದ್ದ ಕಟ್ಟೆಯ ಮಂದಿ ಒಂದು ಹೆಜ್ಜೆ ಹಿಂದೆ ಸರಿದರು. ಅವನು ಮತ್ತೆ ಕೆಮ್ಮಿದಾಗ ಇನ್ನೂ ನಾಲ್ಕು ಹೆಜ್ಜೆ ಸರಿದರು. ಹೆಗಲು ಹಿಡಿಯಲು ಒಬ್ಬನೂ ಹತ್ತಿರ ಬರಲಿಲ್ಲ.

"ಪಾಠ ಬಂದ್!" ಎಂದ ಗೌಡ ಕೆಮ್ಮಿನ ನಡುವೆ. "ಹುಡುಗ್ರನ್ನ ಕರ್ಕೊಂಡು ಹೋಗ್ರಿ ಎಲ್ಲಾರೂ. ಮಾಸ್ತರ, ನಿನ್ನ ಬ್ಯಾರೆ ಊರಿಗೆ ಬದ್ಲಿ ಮಾಡಸದಿದ್ರ ನಾ ಕರಿಬಸಪ್ಪನ ಅಲ್ಲ. ಏ ದುರಗಿ, ನಾಳಿಂದ ನಿನಗ ಕೆಲಸ ಇಲ್ಲ. ನಿಮ್ಮ ಕೇರಿಗೆ ನೀರಿಲ್ಲ!"

ತಾಯಂದಿರು ಬಂದು ಮಕ್ಕಳ ರಟ್ಟೆ ಹಿಡಿದು ಎಳೆದೊಯ್ದರು. ಅನ್ನಪೂರ್ಣ ಹೋಗುವಾಗ ಎರಡು ಸಲ ತಿರುಗಿ ನೋಡಿದಳು. ವೃತ್ತಗಳು ಒಂದೊಂದಾಗಿ ಬರಿದಾದವು. ಖುರ್ಷಿದಾ ಹೋಗಲಿಲ್ಲ, ಗೋಡೆಗೊರಗಿ ನಿಂತಳು. ಮಾಸ್ತರ ಬಳಪದ ಡಬ್ಬಿಯನ್ನು ಬ್ಯಾಗಿಗೆ ಹಾಕಿ ಜಿಪ್ಪು ಎಳೆಯತೊಡಗಿದ.

ದುರಗಮ್ಮ ಗೇಟು ಎಳೆದು ಅಗಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಕೆಲಸ ಹೋಯಿತು. ನಾಳೆ ನೀರು ನಿಂತಿತೆಂದು ಕೇರಿಯವರೆಲ್ಲ ತನ್ನನ್ನೇ ಬೈಯುತ್ತಾರೆ. ಹೊರಗೆ ಗೌಡ ಕೋಲಿನಿಂದ ಗೇಟು ಬಡಿಯುತ್ತಿದ್ದ. ಒಂದೊಂದು ಏಟೂ ಅವಳ ಬೆನ್ನಿಗೆ ಬಡಿದಂತೆ ಆಗುತ್ತಿತ್ತು.

"ಸರ್" ಎಂದಳು ಹುಲಿಗಿ.

ಮಾಸ್ತರ ತಲೆ ಎತ್ತಲಿಲ್ಲ.

"ಸರ್, ಹಾಜರಿ ಕೂಗ್ರಿ."

ಜಿಪ್ಪಿನ ಮೇಲೆ ಮಾಸ್ತರನ ಕೈ ನಿಂತಿತು. ಅವನು ಗೇಟು ನೋಡಿದ, ಹುಡುಗಿಯನ್ನು ನೋಡಿದ. ಈ ಸಲ ನಡುವೆ ಗೋಡೆ ಇರಲಿಲ್ಲ, ಗಾಳಿಯ ನೆವವೂ ಇರಲಿಲ್ಲ.

ಹುಲಿಗಿ ಶಾಲಿನ ಮೇಲಿಂದ ಎದ್ದು, ವೃತ್ತದ ಗೆರೆ ದಾಟದಂತೆ ನಿಂತು, ಗೇಟಿನ ಆಚೆಗೂ ಕೇಳುವಷ್ಟು ಜೋರಾಗಿ ಮತ್ತೆ ಹೇಳಿದಳು.

"ಹಾಜರಿ ಕೂಗ್ರಿ ಸರ್. ನಾ ಬಂದೀನಿ."