ಎದುರಾಡುವ ಹುಡುಗರ ಕೋಚ್

ಅಲ್ಲಾಬಕ್ಷ ಕಾಕಾ ಮೈದಾನದ ಅಂಚಿಗೆ ಬಂದು ನಿಂತ ಭಂಗಿಯನ್ನು ಕಂಡರೆ, ಇವರು ಫುಟ್‌ಬಾಲ್ ಆಡಿಸಲು ಬಂದವರೋ ಹೊಲದ ಬದುವಿನ ತಕರಾರಿಗೆ ಬಂದವರೋ ಎಂಬ ಅನುಮಾನ ಯಾರಿಗಾದರೂ ಹುಟ್ಟಬೇಕು. ಕಡುಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟು, ಅದರ ಎರಡೂ ಜೇಬಿನಲ್ಲಿ ಬಿಗಿದ ಮುಷ್ಟಿ, ಚೆಂಡು ಉರುಳಿದತ್ತ ಮೂರು ಹೆಜ್ಜೆ ಧಾವಿಸಿ ಸಿಡುಕಿಕೊಂಡು ಹಿಂದಿರುಗುವ ನಡಿಗೆ. ದಡ್ಡಿ ಎಂಬ ನಮ್ಮೂರಿನಲ್ಲಿ ವೆಲ್ಡಿಂಗ್ ಅಂಗಡಿ ನಡೆಸುತ್ತಿದ್ದ ಈ ಮನುಷ್ಯ ಊರ ಹುಡುಗರನ್ನು ಕಟ್ಟಿಕೊಂಡು ಗೋಕಾಕದ ಫುಟ್‌ಬಾಲ್ ಪಂದ್ಯಾವಳಿಯ ಕಪ್ಪನ್ನು ಸತತ ಮೂರು ವರ್ಷ ಹೊತ್ತು ತಂದವರು.

ಅವರ ತರಬೇತಿಯೆಂದರೆ ಒಂದು ಅಖಂಡ ಜಗಳ. ಕನ್ನಡ ಮಾಸ್ತರನಾದ ನಾನು, ಹೊಟ್ಟೆಯ ಘನತೆಯಿಂದಾಗಿ ಆಟಕ್ಕೆ ಅನರ್ಹನಾಗಿ, ತಂಡದ ನೀರಿನ ಕ್ಯಾನು ಕಾಯುವ ಹುದ್ದೆಯಲ್ಲಿದ್ದುದರಿಂದ ಆ ಜಗಳವನ್ನು ಹತ್ತಿರದಿಂದಲೇ ಕೇಳಿದ್ದೇನೆ.

“ಏ ಭೀಮಶಿ, ಎಡಕ್ಕ ಓಡಲೇ!”

“ಎಡಕ್ಕ ಮೂರು ಮಂದಿ ನಿಂತಾರ ಕಾಕಾ, ಹೋಗಿ ಅವರ ತೊಡಿಮ್ಯಾಲ ಕುಂದ್ರಲೇನು?”

“ಹಂಗಾದ್ರ ಬಲಕ್ಕ ಸಾಯಿ!”

ಭೀಮಶಿ ಎಡಕ್ಕೂ ಹೋಗದೆ ಬಲಕ್ಕೂ ಹೋಗದೆ ನಡುವೆ ನುಗ್ಗಿ ಗೋಲು ಹೊಡೆಯುತ್ತಿದ್ದ. “ನೋಡಿದ್ರೇನ್ರಿ ಮಾಸ್ತರ? ನಾ ಹೇಳಿದಂಗ ಆತು” ಎಂದು ಕಾಕಾ ನನ್ನತ್ತ ತಿರುಗುತ್ತಿದ್ದರು. ಅದು ಸುಳ್ಳಲ್ಲ, ಅವರ ಪ್ರಾಮಾಣಿಕ ನಂಬಿಕೆ. ನನ್ನದೂ ಅದೇ ಆಗಿತ್ತು. ಮಾಸ್ತರರ ಬುದ್ಧಿಯ ಮಟ್ಟವೇ ಅಷ್ಟು.

ಈ ಕೀರ್ತಿ ಕೇಳಿ ಮೂಡಲಗಿಯ ಶಾಲೆಯೊಂದು ಅವರನ್ನು ಪಗಾರ ಕೊಟ್ಟು ಕರೆಯಿತು. ಒಂದೇ ಷರತ್ತು: ಗೋಕಾಕದಲ್ಲಿ ಮೊದಲ ಪಂದ್ಯವನ್ನಾದರೂ ಗೆಲ್ಲಬೇಕು, ಸೋತರೆ ಕೆಲಸ ಅಲ್ಲಿಗೇ ಮುಗಿಯಿತು. “ಕಪ್ ಇಡಾಕ ಕಪಾಟ ಮಾಡಿಸಿ ಇಡ್ರಿ” ಎಂದು ಹೆಡ್‌ಮಾಸ್ತರರಿಗೆ ಹೇಳಿ, ವೆಲ್ಡಿಂಗ್ ಯಂತ್ರವನ್ನು ಮಾರಿಯೇ ಕಾಕಾ ಊರು ಬಿಟ್ಟರು. ರಜೆಯಿದ್ದಾಗಲೆಲ್ಲ ನಾನೂ ಕ್ಯಾನು ಹಿಡಿದು ಹಿಂದೆ ಹೋದೆ.

ಮೂಡಲಗಿಯ ಹುಡುಗರು ರತ್ನಗಳು. ಒಂದೇ ಬಣ್ಣದ ಕಾಲುಚೀಲ, ಸಾಲು ತಪ್ಪದ ಶಿಸ್ತು, ಕಾಕಾ ಕೆಮ್ಮಿದರೂ ಆಜ್ಞೆಯೆಂದು ತಿಳಿಯುವ ವಿನಯ. ಎಡಕ್ಕೆ ಎಂದರೆ ಇಡೀ ತಂಡ ಎಡಕ್ಕೆ. ಚೆಂಡು ಮಾತ್ರ ಬಲಗಡೆಯಿಂದ ನಿರಾತಂಕವಾಗಿ ಗೋಲಿಗೆ ಹೋಗುತ್ತಿತ್ತು. ನಾಲ್ಕು ಅಭ್ಯಾಸ ಪಂದ್ಯಗಳನ್ನು ಹೀಗೆ ಸೋತ ಕಾಕಾ ಮೊದಲು ಬೂಟನ್ನು ಬೈದರು, ಬಳಿಕ ಊರ ನೀರನ್ನು. ಕೊನೆಗೆ, ಗೋಕಾಕಕ್ಕೆ ಹೊರಡುವ ಮುನ್ನಾದಿನ, ನಾಯಕ ಫಯಾಜನನ್ನು ಕರೆದು ಕೇಳಿದರು:

“ನಾ ಹೇಳಿದ್ದು ತಪ್ಪೈತಿ ಅಂತ ನಿನಗ ಅನಿಸಲಿಲ್ಲೇನೋ?”

“ಅನಿಸಿತ್ರಿ ಸರ್.”

“ಮತ್ಯಾಕ ಬಾಯಿ ಬಿಡಲಿಲ್ಲ?”

“ನೀವು ಸರ್ ಅದೀರಲ್ರಿ.”

ಕಾಕಾ ದೀರ್ಘವಾಗಿ ನಿಟ್ಟುಸಿರಿಟ್ಟು ತಂಡವನ್ನೆಲ್ಲ ಸೇರಿಸಿದರು. “ನಾಳಿಂದ ಎಲ್ಲಾರೂ ನನಗ ಎದುರ ಮಾತಾಡಬೇಕು. ತಿಳೀತೇನು?”

“ಆತ್ರಿ ಸರ್!” ಎಂದು ಹನ್ನೊಂದು ಬಾಯಿಗಳು ಒಕ್ಕೊರಲಿನಿಂದ ಒಪ್ಪಿಕೊಂಡವು.

ಗೋಕಾಕದ ಆ ಪಂದ್ಯ ಕೊನೆಯ ನಿಮಿಷಗಳವರೆಗೂ ಸಮಸಮವಾಗಿತ್ತು. “ಹಿಂದ ಸರೀರಿ!” ಎಂದು ಕಾಕಾ ಅಬ್ಬರಿಸಿದರು. ಆಜ್ಞೆ ತಪ್ಪೆಂದು ಫಯಾಜನಿಗೆ ಆ ಕ್ಷಣವೇ ಹೊಳೆದಿರಬೇಕು. ಅವನು ನಿಂತ, ತಿರುಗಿದ, ಎರಡೂ ಕೈ ಹಿಂದೆ ಕಟ್ಟಿ ಆರಂಭಿಸಿದ: “ಸರ್, ತಪ್ಪ ತಿಳೀಬ್ಯಾಡ್ರಿ, ನನಗೇನ ಅನಸ್ತೈತಿ ಅಂದ್ರ...” ಏನನ್ನಿಸುತ್ತದೆಂದು ಅವನು ಹೇಳುವಷ್ಟರಲ್ಲಿ ಎದುರಾಳಿಗಳು ಗೋಲು ಹೊಡೆದು, ಪರಸ್ಪರ ಅಪ್ಪಿಕೊಂಡೂ ಆಗಿತ್ತು.

ಹೆಡ್‌ಮಾಸ್ತರರು ಕರೆಯುವುದಕ್ಕೆ ಮೊದಲೇ ಕಾಕಾ ತಾವಾಗಿ ಹೋಗಿ ಸೀಟಿಯನ್ನು ಒಪ್ಪಿಸಿದರು. ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತ, “ಹುಡುಗರು ಭಾಳ ಚಲೋ ಅದಾರ್ರಿ ಮಾಸ್ತರ. ಒಬ್ಬಾಂವರ ‘ನಿನಗೇನ ತಿಳೀತೈತಿ ಮುದುಕಾ’ ಅಂದಿದ್ರ ಗೆದ್ದಬಿಡ್ತಿದ್ವಿ” ಎಂದರು. ಆ ಮುಖದಲ್ಲಿ ಸೋಲಿನ ಕಳೆ ಹುಡುಕಿದೆ. ಕಾಣಿಸಿದ್ದು ಕಾರಣ ಸಿಕ್ಕವನ ನೆಮ್ಮದಿ.

ಇಂಥ ಗುರುಗಳು ಲೋಕದಲ್ಲಿ ಅನೇಕರಿದ್ದಾರೆ. ಅವರ ಅರ್ಧ ವಿದ್ಯೆ ಅವರಲ್ಲಿರುತ್ತದೆ. ಉಳಿದರ್ಧ, ಅವರನ್ನು ತಡೆದು ತಿದ್ದುವ ಶಿಷ್ಯರ ನಾಲಗೆಯ ಮೇಲಿರುತ್ತದೆ. ಗೆಲುವನ್ನು ಕಂಡು ಆಸೆಪಟ್ಟವರು ಗುರುವನ್ನಷ್ಟೇ ಹಾರ ಹಾಕಿ ಕರೆದೊಯ್ಯುತ್ತಾರೆ, ಅವರಿಗೆ ಬೈಯುವವರನ್ನು ಊರಲ್ಲೇ ಬಿಟ್ಟುಬಿಡುತ್ತಾರೆ.