ಅತ್ತಿಗೆ ನಗಲಿಲ್ಲ

ಬಟ್ಟೆ ಒಗೆಯುವ ಕಾರ್ಖಾನೆಯ ಇಸ್ತ್ರಿ ಉರುಳೆಯ ಮುಂದಿದ್ದ ತಡೆಕಂಬಿಯನ್ನು ಧಣಿ ಬಿಚ್ಚಿಸಿದ. ಬೆರಳು ತಾಕಿದರೆ ಯಂತ್ರವನ್ನು ನಿಲ್ಲಿಸುತ್ತಿದ್ದ ಕಂಬಿ ಅದು; ಮೇಲಿಂದ ಮೇಲೆ ನಿಂತರೆ ಕೆಲಸ ಸಾಗುವುದಿಲ್ಲ ಎಂದ. ಮುಂದಿನ ತಿಂಗಳು ಅತ್ತಿಗೆಯ ಬಲಗೈ ಬಟ್ಟೆಯ ಜೊತೆಗೇ ಒಳಗೆ ಹೋಯಿತು. ವೈದ್ಯರು ಅದನ್ನು ಮೊಣಕೈವರೆಗೆ ಕತ್ತರಿಸಿ ತೆಗೆದರು.

ಅತ್ತಿಗೆ ಎಂದರೆ ಡಬ್ಬಣ್ಣನ ಅಣ್ಣನ ಹೆಂಡತಿ. ಈ ಕೆಲಸಕ್ಕೆ ಅವನನ್ನು ಸೇರಿಸಿದವಳೂ ಅವಳೇ, ಆ ಹೆಸರಿಟ್ಟವಳೂ ಅವಳೇ. ಉರುಳೆ ಕೋಣೆಯ ಕಾವು, ಹಬೆ, ಒಂದೇ ಸಮನೆ ಗುಂಯ್‌ಗುಡುವ ಸದ್ದು ಎಲ್ಲ ಸೇರಿ, ಮಧ್ಯಾಹ್ನದ ಹೊತ್ತಿಗೆ ನಿಂತವರಿಗೆ ನಿಂತಲ್ಲೇ ತೂಕಡಿಕೆ. ತೂಕಡಿಸಿದವರ ಬೆರಳು ಉರುಳೆಗೆ. ಅದಕ್ಕೇ ಯಾರಾದರೊಬ್ಬರು ನಗಿಸುತ್ತಲೇ ಇರಬೇಕೆಂಬುದು ಆ ಕೋಣೆಯ ಪದ್ಧತಿ. ಅದಕ್ಕೂ ಒಂದು ಕಟ್ಟುನಿಟ್ಟಿತ್ತು: ಉರುಳೆಗೆ ಕೊಟ್ಟ ಹೊದಿಕೆ ಪೂರಾ ಆಚೆ ದಾಟಿ ಎಲ್ಲರ ಕೈ ಖಾಲಿಯಾದ ಮೇಲೆಯೇ ಜೋಕಿನ ಕೊನೆ ಬರಬೇಕು. ಆಚೆ ಬದಿಗೆ ನಿಂತು ಮಡಚುತ್ತಿದ್ದ ಡಬ್ಬಣ್ಣ, ಬಟ್ಟೆಯ ಕೊನೆಯ ಅಂಚು ಕಣ್ಣಿಗೆ ಬೀಳುವವರೆಗೂ ಕಥೆಯನ್ನು ಹಿಂಜಿ ಹಿಂಜಿ ಎಳೆಯುತ್ತಿದ್ದ.

ಜೋಕುಗಳೆಲ್ಲ ಅಜ್ಜನ ಕಾಲದವು. ಬಾವಿಗೆ ಬಿದ್ದ ಜಿಪುಣ, ಹಗ್ಗ ತರಲು ಓಡಿದ ಹೆಂಡತಿಗೆ ‘ಹೊಸದು ತರಬೇಡ ಕಣೇ, ನೆನೆದು ಹಾಳಾಗುತ್ತೆ’ ಎಂದು ಒಳಗಿಂದಲೇ ಕೂಗಿದ್ದು. ಹೆಂಡತಿಯ ಮಾತು ನಿಂತುಹೋಯಿತೆಂದು ವೈದ್ಯರ ಬಳಿ ಓಡಿದ ಗಂಡ, ಔಷಧ ತೆಗೆಯಹೋದವರ ಕೈ ಹಿಡಿದು ‘ಅದೆಲ್ಲ ಬೇಡ ಸ್ವಾಮಿ, ಏನು ತಿಂದು ಹಿಂಗಾಯ್ತು ಅಂತ ಹೇಳಿ ಸಾಕು, ಅತ್ತೆಗೂ ಸ್ವಲ್ಪ ಕೊಡಬೇಕು’ ಎಂದದ್ದು. ಕೇಳಿ ಕೇಳಿ ಬಾಯಿಪಾಠವಾಗಿದ್ದರೂ ಎಲ್ಲರೂ ನಗುತ್ತಿದ್ದರು, ಅತ್ತಿಗೆಯೊಬ್ಬಳನ್ನು ಬಿಟ್ಟು. ಅವಳು ಕೊನೆಯನ್ನು ತಾನೇ ಮೊದಲು ಹೇಳಿಬಿಟ್ಟು, ಖಾಲಿ ಡಬ್ಬಕ್ಕೆ ಸದ್ದು ಜಾಸ್ತಿ ಎಂದು ಮೂತಿ ತಿರುವುತ್ತಿದ್ದಳು.

ಆ ದಿನ ನಡೆದದ್ದು ವೈದ್ಯರ ಜೋಕು. ಗಂಡ ಇನ್ನೂ ವೈದ್ಯರ ಬಾಗಿಲು ತಟ್ಟುತ್ತಿದ್ದ. ಅಷ್ಟರಲ್ಲಿ ಒದ್ದೆ ಹೊದಿಕೆಯ ಮೂಲೆ ಅತ್ತಿಗೆಯ ಬೆರಳಿಗೆ ಸುತ್ತಿಕೊಂಡಿತು. ಯಂತ್ರ ನಿಲ್ಲಿಸಲು ಕೋಣೆಯ ಆ ತುದಿಯ ಗೋಡೆಯ ಸ್ವಿಚ್ಚಿನವರೆಗೆ ಓಡಬೇಕಾಯಿತು. ಓಡುವಾಗ ಬೆನ್ನ ಹಿಂದೆ ಕೇಳಿಸಿದ್ದನ್ನು ಡಬ್ಬಣ್ಣ ಅಣ್ಣನಿಗೂ ಹೇಳಿಲ್ಲ.

ವಾರ ಕಳೆದ ಮೇಲೆ ಮೇಸ್ತ್ರಿ ಅವನನ್ನು ಸೋಪಿನ ಚೀಲಗಳ ಹಿಂದಕ್ಕೆ ಕರೆದು ಹೆಗಲ ಮೇಲೆ ಕೈ ಹಾಕಿದ. ತನಿಖೆಗೆ ಅಧಿಕಾರಿ ಬರುತ್ತಿದ್ದಾರಂತೆ.

“ನೀನು ಜೋಕ್ ಹೇಳ್ದೆ, ಆಯಮ್ಮ ಬಿದ್ದು ಬಿದ್ದು ನಕ್ಕಳು, ಕೈ ಜಾರ್ತು. ಇಷ್ಟೇ ಕಣಪ್ಪ. ಜೋಕ್ ಹೇಳ್ಲಿಲ್ವಾ ನೀನು?”

ಹೀಗೆಂದು ಒಪ್ಪಿಕೊಂಡರೆ ಅತ್ತಿಗೆಗೆ ಬಾಗಿಲ ಬಳಿ ಕೂತು ಮಾಡುವ ಕೆಲಸ, ಅವನಿಗೆ ಇದ್ದ ಕೆಲಸ. ಇಲ್ಲದಿದ್ದರೆ ಇಬ್ಬರಿಗೂ ಗೇಟಿನಾಚೆ ದಾರಿ. ಡಬ್ಬಣ್ಣನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತನ್ನ ಬಾಯಿ ತೆಪ್ಪಗಿದ್ದಿದ್ದರೆ ಅವಳ ಕೈ ಉಳಿಯುತ್ತಿತ್ತೇನೋ ಎಂಬ ಹುಳ ಅವನನ್ನು ಅಂದಿನಿಂದಲೇ ಕೊರೆಯುತ್ತಿತ್ತು. ಮೇಸ್ತ್ರಿ ಅದನ್ನೇ ಬಾಯಿಬಿಟ್ಟು ಹೇಳಿದನಷ್ಟೆ.

ಸಂಜೆ ಆಸ್ಪತ್ರೆಗೆ ಹೋಗಿ, ಮಂಚದ ಕಾಲನ್ನೇ ನೋಡುತ್ತ ಎಲ್ಲವನ್ನೂ ಅತ್ತಿಗೆಗೆ ಹೇಳಿದ.

“ನಿನ್ನ ಜೋಕಿಗೆ ನಾನು ಯಾವತ್ತು ನಕ್ಕಿದ್ದೀನೋ?”

“ಒಂದಿನಾನೂ ಇಲ್ಲ ಅತ್ತಿಗೆ.”

“ಮತ್ತೆ? ಕೈಯಂತೂ ಹೋಯ್ತು. ಆ ಹಳಸಲು ಜೋಕಿಗೆ ನಕ್ಕು ಕೈ ಕಳ್ಕೊಂಡೋಳು ಅಂತ ಹೆಸರು ಬೇರೆ ಹೊರಬೇಕಾ?”

ಆಮೇಲೆ, ತನ್ನ ಜಾಗದಲ್ಲಿ ಈಗ ಯಾರು ನಿಲ್ಲುತ್ತಾರೆಂದು ಕೇಳಿದಳು. ತನ್ನ ಜೊತೆ ಮಡಚುವವಳ ಸೊಸೆ, ಹೋದ ವಾರ ಸೇರಿದವಳು ಎಂದ. ಕಂಬಿ ಹಾಕಿದ್ದಾರಾ ಎಂದಳು. ಇಲ್ಲವೆಂದು ತಲೆಯಾಡಿಸಿದ. ಅತ್ತಿಗೆ ಗೋಡೆಯ ಕಡೆ ಹೊರಳಿದಳು. ಹೀಗೆ ಮಾಡು, ಹಾಗೆ ಮಾಡು ಎಂದು ಒಂದು ಮಾತೂ ಹೇಳಲಿಲ್ಲ.

ಅಧಿಕಾರಿ ಬಂದ ದಿನ ಉರುಳೆಯ ಮುಂದೆ ಕಂಬಿ ಇತ್ತು. ಹೊಸ ಬೋಲ್ಟುಗಳು ಫಳಫಳ ಹೊಳೆಯುತ್ತಿದ್ದವು. ಅಧಿಕಾರಿ ಅದನ್ನು ತಟ್ಟಿ ನೋಡಿ, ಇಷ್ಟೆಲ್ಲ ಇದ್ದೂ ಹೇಗಾಯಿತೆಂದು ಅಚ್ಚರಿಪಟ್ಟರು. ಧಣಿ ನಿಟ್ಟುಸಿರುಬಿಟ್ಟ: ಪಾಪದ ಹೆಂಗಸು, ನಗುವಿನ ಭರದಲ್ಲಿ ಕಂಬಿಯ ಮೇಲಿಂದ ಕೈ ಚಾಚಿಬಿಟ್ಟಳು. ಕೈ ತಿಂದ ಬಾಯಲ್ಲೇ ಕನಿಕರ. ಉರುಳೆಯ ಬಳಿ ನಿಂತಿದ್ದ ಸೊಸೆ ತಲೆ ಎತ್ತಲಿಲ್ಲ. ಮೇಸ್ತ್ರಿ ಡಬ್ಬಣ್ಣನನ್ನು ಮುಂದಕ್ಕೆ ತಳ್ಳಿದ.

ಅಧಿಕಾರಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಮುಗುಳ್ನಕ್ಕರು. “ಕೈ ಹೋಗೋವಷ್ಟು ನಗಿಸಿದ ಜೋಕ್ ಯಾವುದಪ್ಪ ಅದು? ಹೇಳು, ನಾವೂ ಕೇಳೋಣ.”

ಮೇಸ್ತ್ರಿ ಆಗಲೇ ಹಲ್ಲು ಕಿರಿದು ಸಿದ್ಧನಾಗಿದ್ದ. ಧಣಿಯ ತುಟಿಯೂ ಸಡಿಲವಾಗಿತ್ತು.

“ಹೇಳಲ್ಲ ಸಾರ್.”

ನಾಚಿಕೆ ಸ್ವಭಾವದವನು ಎಂದು ಮೇಸ್ತ್ರಿ ತೇಲಿಸಲು ನೋಡಿದ. ಧಣಿಯ ದನಿ ಗಡುಸಾಯಿತು. “ಸಾಹೇಬರು ಕೇಳ್ತಾ ಇದ್ದಾರೆ. ಹೇಳೋ.”

“ಅತ್ತಿಗೆ ನಗಲಿಲ್ಲ. ಯಾರೂ ನಗಲಿಲ್ಲ. ಈ ಕಂಬಿ ನಿನ್ನೆ ಸಂಜೆ ಹಾಕಿದ್ದು, ಅವತ್ತು ಇರಲಿಲ್ಲ. ಜೋಕ್ ನಾನು ಹೇಳಲ್ಲ.”