ಪಂಪಣ್ಣನ ಎರಡು ಬೆರಳು

ಆದವಾನಿಯಲ್ಲಿ ಹತ್ತಿಯ ಕಾಲ ಬಂತೆಂದರೆ ಬೀಸುವುದು ಅರ್ಧ ಗಾಳಿ, ಅರ್ಧ ಹತ್ತಿ. ಬೆಳಿಗ್ಗೆ ಕಪ್ಪಗೆ ಹಾರಿಹೋದ ಕಾಗೆ ಸಂಜೆ ಬೆಳ್ಳಗಾಗಿ ಗೂಡಿಗೆ ಬಂದರೆ ಹೆಂಡತಿ ಕಾಗೆ ಪರಗಂಡಸೆಂದು ಕುಕ್ಕಿ ಓಡಿಸುತ್ತದೆ. ಇಂಥ ಊರಿನಲ್ಲಿ ಕರವಸ್ತ್ರ ಮಾರುವವನು ಉಪವಾಸ ಬೀಳಬೇಕು. ಎಣ್ಣೆ ಚೆಲ್ಲಲಿ, ಮೂಗು ಸೋರಲಿ, ಕಾಲಿಗೆ ಮೊಳೆ ಚುಚ್ಚಿ ರಕ್ತ ಬರಲಿ, ಮಾರ್ಕೆಟ್ ಯಾರ್ಡಿನ ಮನುಷ್ಯನ ಕೈ ಅವನನ್ನು ಕೇಳದೆಯೇ ಪಕ್ಕದ ಅಂಡಿಗೆಗೆ, ಹತ್ತಿ ತುಂಬಿದ ದೊಡ್ಡ ಗೋಣಿಚೀಲಕ್ಕೆ, ಹೋಗುತ್ತದೆ. ಒಂದು ಹಿಡಿ ಹತ್ತಿ ಕಿತ್ತು, ಒರೆಸಿ, ಬಿಸಾಡಿದರೆ ಆಯಿತು. ತೊಟ್ಟಿಲಿನಲ್ಲಿ ಕಲಿತದ್ದು, ಚಿತೆಯ ಮೇಲೆ ಮಲಗಿಸಿದರೂ ಒಮ್ಮೆ ಕೈ ಚಾಚುತ್ತಾರೆ.

ಈ ಹತ್ತಿಯ ರಾಜ್ಯಕ್ಕೆ ಪಂಪಣ್ಣ ದೊರೆ. ಹಾಗೆಂದು ಬೇರೆ ಯಾರೂ ಹೇಳದಿದ್ದರೆ ಅವನೇ ಹೇಳುತ್ತಿದ್ದ. ಭೀಮಲಿಂಗಪ್ಪನ ದಲಾಲಿ ಮಂಡಿಯಲ್ಲಿ ಅವನದು ಹತ್ತಿ ನೋಡುವ ಕೆಲಸ. ನೋಡುವುದು ಕಣ್ಣಿನಿಂದಲ್ಲ, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ. ರೈತ ಅಂಡಿಗೆಯ ಬಾಯಿ ಬಿಚ್ಚಿದ ಕೂಡಲೇ ಒಂದು ಚಿಟಿಕೆ ಕಿತ್ತು, ಕಣ್ಣು ಮುಚ್ಚಿ, ಎರಡು ಬೆರಳ ನಡುವೆ ಮೆಲ್ಲಗೆ ಹಿಂಜಿ ಎಳೆಯುತ್ತಿದ್ದ. ಎಳೆ ಉದ್ದವೋ ಗಿಡ್ಡವೋ, ಗಟ್ಟಿಯೋ ಜಾಳೋ, ತೂಕಕ್ಕೆಂದು ನೀರು ಚಿಮುಕಿಸಿದ್ದಾರೋ ಎಲ್ಲ ಆ ಬೆರಳಿಗೆ ತಿಳಿಯುತ್ತಿತ್ತು. ಅವನು ಬಾಯಿ ಬಿಟ್ಟ ಮೇಲೆಯೇ ಮಂಡಿ ದರ ಕೂಗುವುದು. ಬೆರಳಿಟ್ಟರೆ ಹತ್ತಿ ಯಾವ ಊರದು, ಬಿಡಿಸಿದವಳು ಅವತ್ತು ಗಂಡನ ಜೊತೆ ಜಗಳವಾಡಿದ್ದಳೋ ಇಲ್ಲವೋ ಅದನ್ನೂ ಹೇಳುತ್ತಾನೆಂದು ಹಮಾಲರು ಆಣೆ ಮಾಡುತ್ತಿದ್ದರು.

ಮಂಡಿಯ ಮುಂದೆ ಬೇವಿನ ನೆರಳಿನಲ್ಲಿ ಕೈಯಿರುವ ಕುರ್ಚಿ ಒಂದೇ ಒಂದು ಇತ್ತು. ಭೀಮಲಿಂಗಪ್ಪ ಒಳಗೆ ಗಾದಿಯ ಮೇಲೆ ಕೂರುತ್ತಿದ್ದ, ಉಳಿದವರು ನಿಲ್ಲುತ್ತಿದ್ದರು. ಕುರ್ಚಿ ಪಂಪಣ್ಣನದು. ಅದರಲ್ಲಿ ಕೂತಾಗ ಅವನ ಮೀಸೆ ಎರಡು ಬೆರಳು ಉದ್ದವಾಗುತ್ತಿತ್ತು.

ಅವನ ಸುಖಕ್ಕೆ ಒಂದೇ ಮುಳ್ಳು, ಹೆಂಡತಿ ನಾಗಜ್ಯೋತಿಯ ತಮ್ಮ ವಾಗೀಶ್. ಹೊಳಗುಂದದ ಕಡೆಯಿಂದ ಬಂದು ಅದೇ ಮಂಡಿಯಲ್ಲಿ ಅಂಡಿಗೆ ಬಿಚ್ಚುವ, ಹೊಲಿಯುವ ಕೆಲಸಕ್ಕೆ ಸೇರಿದ್ದ. ಮದುವೆಯಾಗಿ ಮಕ್ಕಳಿದ್ದ ಗಂಡಸು, ಆದರೂ ಬಾವನ ಹಿಂದೆ ಹಿಂದೆ ಸುಳಿಯುತ್ತ, ಜೇಬಿನಲ್ಲಿ ಚಿಟಿಕೆ ಚಿಟಿಕೆ ಹತ್ತಿ ತುಂಬಿಕೊಂಡು, ಬಿಡುವು ಸಿಕ್ಕರೆ ಹಿಂಜುತ್ತ ಇರುತ್ತಿದ್ದ.

"ಬಾವ, ಇದು ಉದ್ದ ಎಳೀನ, ಏನ್ ನಡೂ ಎಳೀನ? ಒಂದ್ ಸಲ ಹೇಳ್ರಿ," ಎನ್ನುವನು.

"ಕಂಬಳಿ ನೇಯೋರ ಮನ್ಯಾಗ ಹುಟ್ಟಿದವಗ ಉಣ್ಣಿ ಗೊತ್ತಾಕ್ಕೈತಿ, ಹತ್ತಿ ಎಲ್ಲಿ ಗೊತ್ತಾಕ್ಕೈತಲೇ? ಇದು ಕಲ್ಸಾ ವಿದ್ಯೆ ಅಲ್ಲ. ಬೆರಳಾಗ ಹುಟ್ಟಬೇಕು," ಎಂದು ಪಂಪಣ್ಣ ಎಲ್ಲರಿಗೂ ಕೇಳುವಂತೆ ಹೇಳುವನು. ವಾಗೀಶ್ ನಗುವನು. ಆ ನಗು ಕಂಡರೆ ಪಂಪಣ್ಣನಿಗೆ ಇನ್ನಷ್ಟು ಉರಿ.

ದೊರೆಗೆ ಇನ್ನೊಂದು ರಾಜ್ಯವೂ ಇತ್ತು, ಅಂಟಿನದು. ಮುರಿದದ್ದನ್ನೆಲ್ಲ ಅಂಟಿಸುವುದರಲ್ಲಿ ತನಗೆ ಸಾಟಿ ಕರ್ನೂಲಿನ ತನಕ ಇಲ್ಲ ಎನ್ನುತ್ತಿದ್ದ. ನಿಜಕ್ಕೂ ಮನೆಯಲ್ಲಿ ಅಂಟು ತಿಳಿದವಳು ನಾಗಜ್ಯೋತಿ. ತವರಿನಲ್ಲಿ ಹುಣಸೆ ಪಿಕ್ಕ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿ, ಆ ಗಂಜಿಯಂಥ ಸರಿಯನ್ನು ಕಂಬಳಿಗೆ ಬಳಿದು ಬಿಸಿಲಿಗೆ ಚಾಚಿ ಬೆಳೆದವಳು. ಯಾವುದಕ್ಕೆ ಏನು ಹಿಡಿಯುತ್ತದೆ, ಎಷ್ಟು ಹೊತ್ತು ಕಾಯಬೇಕು ಎಂಬುದು ಅವಳಿಗೆ ಮಗ್ಗದ ಮುಂದೆಯೇ ಬಂದಿತ್ತು. ಕಾಗದಕ್ಕೆ ಮೈದಾ ಸರಿ. ಕಟ್ಟಿಗೆಗೆ ಬಿಳಿ ಅಂಟು, ಹಚ್ಚಿ ಹಗ್ಗದಿಂದ ಬಿಗಿದು ಮರುದಿನದ ತನಕ ಮುಟ್ಟಬಾರದು. ಚಪ್ಪಲಿಗೆ ರಬ್ಬರಿನ ಅಂಟು, ಎರಡೂ ಕಡೆ ಬಳಿದು ಕೈಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ಕಲ್ಲಿಗೂ ಕಬ್ಬಿಣಕ್ಕೂ ಎರಡು ಟ್ಯೂಬು ಕಲಸುವ ಅಂಟು.

ಪಂಪಣ್ಣನಿಗೆ ಕಾಯುವುದೆಂದರೆ ಮರಣ. ಅವನ ದೇವರು ಒಂದೇ, ಫ್ಯಾನ್ಸಿ ಅಂಗಡಿಯ ಹೆಬ್ಬೆರಳುದ್ದದ ಟ್ಯೂಬು, ಕ್ಷಣದಲ್ಲಿ ಹಿಡಿಯುವ ಅಂಟು. ಅದರಿಂದ ಅವನು ಚಪ್ಪಲಿ ಅಂಟಿಸಿದ. ಬಾಗಿದ ಕಡೆಯೇ ಗಾಜಿನ ಹಾಗೆ ಪಟ್ಟೆಂದಿತು. ವರಲಕ್ಷ್ಮಿ ಪೂಜೆಯ ಥರ್ಮಾಕೋಲಿನ ಮಂಟಪಕ್ಕೆ ಹಾಕಿದ; ಕಂಬ ಕರಗಿ ಲಕ್ಷ್ಮಿ ಪಾತಾಳಕ್ಕಿಳಿದಳು. ಮಂಚದ ಕಾಲಿಗೆ ಹಾಕಿದ. ನೆಂಟ ಶ್ರೀರಾಮುಲು ಕೂತು ಬಿದ್ದ ಸದ್ದಿಗೆ ಸ್ಟೇಷನ್ನಿನಲ್ಲಿ ರೈಲು ಬಂತೆಂದು ಜನ ಗಂಟು ಮೂಟೆ ಎತ್ತಿಕೊಂಡರು.

"ಅದು ಗಟ್ಟಿ ಸಾಮಾನಿಗೆ, ಸಣ್ಣ ಬಿರುಕಿಗೆ," ಎಂದು ನಾಗಜ್ಯೋತಿ ಹೇಳಿದ್ದಳು. "ಬಟ್ಟಿ, ಉಣ್ಣಿ, ಹತ್ತಿಗೆ ಮಾತ್ರ ಮುಟ್ಟಸಬ್ಯಾಡ್ರಿ. ಸುಡತೈತಿ. ನಮ್ ಅಣ್ಣ ಕಂಬಳಿಗೆ ಹಾಕಿ ಹೊಗಿ ಎಬ್ಸಿದ್ದ."

"ನೀರಿನಂತಾದು ಸುಡತೈತಂತ," ಎಂದು ಪಂಪಣ್ಣ ಮರುದಿನ ಇಡೀ ಯಾರ್ಡಿಗೆ ಹೇಳಿ ನಗಿಸಿದ. "ಚೂಡಂಡಯ್ಯಾ, ನೋಡ್ರಿ, ನಮ್ಮಾಕಿ ನಾಳಿ ಮಜ್ಜಿಗಿಗೂ ಬೆಂಕಿ ಹತ್ತತೈತಿ ಅಂತಾಳ."

ವಾಗೀಶ್ ಒಬ್ಬನೇ ನಗಲಿಲ್ಲ. "ಅಕ್ಕ ಹೇಳಾದು ಖರೇ ಐತಿ ಬಾವ," ಎಂದ. ಅದಕ್ಕೇ ಪಂಪಣ್ಣ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ದರ ಏರಿದ್ದ ಒಂದು ಸೋಮವಾರ ಯಾರ್ಡಿನಲ್ಲಿ ಇರುವೆಗೂ ಕಾಲಿಡಲು ಜಾಗವಿರಲಿಲ್ಲ. ಹರಾಜು ಇನ್ನೇನು ಶುರುವಾಗಬೇಕು, ಭೀಮಲಿಂಗಪ್ಪನ ಕನ್ನಡಕದ ಕಡ್ಡಿ ಲಟಕ್ಕೆಂದಿತು.

"ಕಣ್ಣಿಲ್ದಂಗಾತಲ್ಲೋ ಪಂಪಾ."

"ಬಜಾರಿಗೆ ಹೋಗಿ ಮಾಡಿಸ್ಕೊಂಡು ಬರ್ತೀನಿ ಕೊಡ್ರಿ ಸಾವ್ಕಾರ," ಎಂದು ವಾಗೀಶ್ ಕೈ ಚಾಚಿದ.

"ನೀ ಹೋಗಿ ಬರಾದ್ರಾಗ ಹತ್ತಿ ಮತ್ತ ಗಿಡಕ್ಕ ಹೋಗಿ ಹತ್ತತೈತಿ," ಎಂದು ಪಂಪಣ್ಣ ಕನ್ನಡಕ ಕಸಿದುಕೊಂಡ. "ರೆಂಡು ನಿಮಿಷಾಲು, ಸಾವ್ಕಾರ. ಎರಡಾ ನಿಮಿಷ."

ಅಂಗಿಯ ಜೇಬಿನಿಂದ ಟ್ಯೂಬು ಬಂತು. ಮೂತಿ ಗಟ್ಟಿಯಾಗಿತ್ತು. ಪಿನ್ನು ಚುಚ್ಚಿದ, ಬರಲಿಲ್ಲ. ಸುತ್ತ ಜನ ಸೇರಿದ್ದರು. ಜನ ಸೇರಿದರೆ ಪಂಪಣ್ಣನಿಗೆ ಬಲ ಹತ್ತು ಪಟ್ಟು. ಬಲಗೈಯ ಎರಡು ಬೆರಳಿನಲ್ಲಿ ಹಿಡಿದು ಎಮ್ಮೆಯ ಮೊಲೆ ಹಿಂಡುವ ಹಾಗೆ ಹಿಂಡಿದ. ಟ್ಯೂಬಿನ ಬುಡ ಒಡೆದು ಅಂಟೆಲ್ಲ ಬೆರಳ ಮೇಲೆ ಹರಿಯಿತು.

ಅಲ್ಲಿ ನೀರಿನ ಕೊಡ ಇತ್ತು. ಸುಮ್ಮನೆ ಕೈ ಅಗಲಿಸಿ ನಿಂತಿದ್ದರೂ ಆಗುತ್ತಿತ್ತು. ಆದರೆ ಆದವಾನಿಯ ಕೈ ಯಾರನ್ನು ಕೇಳುತ್ತದೆ? ಅದು ಪಕ್ಕದ ಅಂಡಿಗೆಗೆ ಹೋಯಿತು. ಹಿಡಿ ತುಂಬ ಹತ್ತಿ ಕಿತ್ತು ಬೆರಳ ನಡುವೆ ಗಟ್ಟಿಯಾಗಿ ಒತ್ತಿ ಒರೆಸಿತು.

ಮೊದಲು ಬೆರಳಿನಿಂದ ಬಿಳಿ ಹೊಗೆ ಎದ್ದಿತು. ಆಮೇಲೆ ಪಂಪಣ್ಣನ ಕೂಗು ಎದ್ದಿತು. ದೂರದ ದೇವನಕೊಂಡದಲ್ಲಿ ಮೇಯುತ್ತಿದ್ದ ಕುರಿಗಳು ತಲೆಯೆತ್ತಿ ನೋಡಿದವಂತೆ. ಕೊಡವುತ್ತ, ಕುಣಿಯುತ್ತ, ಕುರ್ಚಿಯನ್ನು ಒದ್ದು ಕೆಡವಿ, ಮತ್ತೆ ಅಂಡಿಗೆಗೇ ಉಜ್ಜಿದ. ವಾಗೀಶ್ ಕೊಡದ ನೀರು ಸುರಿಯುವ ಹೊತ್ತಿಗೆ ಹೆಬ್ಬೆರಳು ತೋರುಬೆರಳು ಹತ್ತಿಯ ಉಂಡೆಯ ಸುತ್ತ ಒಂದಕ್ಕೊಂದು ಬೆಸೆದು ಕಲ್ಲಾಗಿದ್ದವು.

"ಮಜ್ಜಿಗಿಗೆ ಬೆಂಕಿ ಹತ್ತಿತೇನಯ್ಯಾ," ಎಂದು ಹಮಾಲ ಪಕೀರಪ್ಪ ಮೆಲ್ಲಗೆ ಕೇಳಿದ. ಯಾರ್ಡು ನಕ್ಕ ನಗೆಗೆ ಅಂಡಿಗೆಗಳು ಅಲುಗಾಡಿದವು.

ಮನೆಯಲ್ಲಿ ನಾಗಜ್ಯೋತಿ, ನಾ ಹೇಳಿದ್ದೆನಲ್ಲ, ಎನ್ನಲಿಲ್ಲ. ಅದೇ ಅವನಿಗೆ ಹೆಚ್ಚು ಉರಿಯಿತು. ಉರಿ ಇಳಿಯುವ ತನಕ ತಣ್ಣೀರಿನಲ್ಲಿ ಕೈ ಇರಿಸಿದಳು. ಆಮೇಲೆ ಉಗುರುಬೆಚ್ಚಗಿನ ಸೋಪಿನ ನೀರು, ಆಮೇಲೆ ಕೊಬ್ಬರಿ ಎಣ್ಣೆ. ಚಮಚದ ಹಿಡಿಯನ್ನು ಬೆರಳ ಸಂದಿಗೆ ತೂರಿಸಿ, ಎಳೆಯದೆ, ಮೆಲ್ಲಗೆ ಉರುಳಿಸುತ್ತ ಉರುಳಿಸುತ್ತ ಎರಡು ಬೆರಳನ್ನು ಬೇರೆ ಮಾಡಿದಳು. ತುದಿಗಳ ಮೇಲೆ ಮಾತ್ರ ಅಂಟು ಹತ್ತಿ ಸೇರಿ ಕಲ್ಲಿನಂಥ ಹೆಕ್ಕಳ ಕಟ್ಟಿ ಕೂತಿತ್ತು, ಅದರಡಿ ಬೊಬ್ಬೆ.

"ಡಾಕ್ಟ್ರಿಗೆ ತೋರ್ಸಾಮು ನಡೀರಿ."

"ಅಂಟಿಗೆ ಡಾಕ್ಟ್ರು ನಾನೇ ಅದೀನಿ," ಎಂದ ಪಂಪಣ್ಣ. "ಪಕ್ಕದ ಮನಿ ಶಿರೀಷಾನ ಹತ್ರ ಉಗುರಿನ ಬಣ್ಣ ತಗಿಯಾ ನೀರು ಐತಲ್ಲ, ಇಸ್ಕೊಂಡು ಬಾ. ಗಾಜಿನ ಮ್ಯಾಲಿಂದು ಒಂದೇ ಏಟಿಗೆ ತಗದೀನಿ."

"ಅದು ಗಾಜು. ಇದು ಸುಟ್ಟ ಚರ್ಮ. ಮುಟ್ಟಬ್ಯಾಡ್ರಿ, ಕೀಳಬ್ಯಾಡ್ರಿ. ಕೆಳಗ ಹೊಸ ಚರ್ಮ ಬಂದ ಮ್ಯಾಲೆ ಅದಾ ಉದುರತೈತಿ."

"ಅಲ್ಲೀತನಕ?"

"ಅಲ್ಲೀತನಕ ಕುಂದ್ರಬೇಕು."

ಬಾಗಿಲಲ್ಲಿ ನಿಂತಿದ್ದ ವಾಗೀಶ್, "ಆರಾಮ ಮಾಡ್ರಿ ಬಾವ. ಮಂಡಿ ನಾ ನೋಡ್ಕೊಂತೀನಿ," ಎಂದ.

ಪಂಪಣ್ಣನಿಗೆ ಸುಟ್ಟದ್ದು ಆಗ. ಬೆರಳಿನದು ಏನೂ ಅಲ್ಲ.

ಬೆಳಿಗ್ಗೆ ಕೈಗೆ ಬಟ್ಟೆ ಸುತ್ತಿಕೊಂಡು ಯಾರ್ಡಿಗೆ ಹೋದ. ಬೇವಿನ ನೆರಳಿನಲ್ಲಿ ಅವನ ಕುರ್ಚಿಯಲ್ಲಿ ವಾಗೀಶ್ ಕೂತಿದ್ದ. ಬಾವನನ್ನು ಕಂಡು ಎದ್ದ. ಒಳಗಿನಿಂದ ಭೀಮಲಿಂಗಪ್ಪ, "ಕುಂದ್ರೋ, ಕುಂದ್ರು, ಹರಾಜು ನಿಲ್ಲಸಬ್ಯಾಡ," ಎಂದ. ವಾಗೀಶ್ ಕೂತ. ಚಿಟಿಕೆ ಕಿತ್ತ. ಕಣ್ಣು ಮುಚ್ಚಲಿಲ್ಲ, ಮೀಸೆ ತಿರುವಲಿಲ್ಲ, ಮೂರು ಸಲ ಹಿಂಜಿ ನೋಡಿ, ಸಂಕೋಚದಿಂದ, "ನಡೂ ಎಳಿ, ವಸಿ ನೀರು ಹೊಡದಾರ," ಎಂದ. ರೈತ ತಲೆ ತಗ್ಗಿಸಿದ. ಪಂಪಣ್ಣ ದೂರದಿಂದ ಆ ತಗ್ಗಿದ ತಲೆಯನ್ನು ನೋಡಿದ. ವಾಗೀಶ್ ಹೇಳಿದ್ದು ಸರಿಯಾಗಿತ್ತು. ಸಾಯಲಿ, ಕೂದಲಷ್ಟೂ ತಪ್ಪಿರಲಿಲ್ಲ.

"ಏಮಯ್ಯಾ ಪಂಪಣ್ಣ, ಹತ್ತಿ ನೋಡಾಕ ನಿನ್ನ ಬೆರಳಾ ಬೇಕು ಅಂತಿದ್ದಿ," ಎಂದು ಪಕೀರಪ್ಪ ಚೀಲ ಹೊತ್ತುಕೊಂಡೇ ಹೇಳಿಹೋದ.

ಕಾದರೆ ಬೆರಳು ಉಳಿಯುತ್ತದೆ, ಕುರ್ಚಿ ಹೋಗುತ್ತದೆ. ಹಾಗೆಂದು ಅವನಿಗೆ ಅನ್ನಿಸಿತು. ಮನೆಗೆ ಬಂದ. ನಾಗಜ್ಯೋತಿ ಇರಲಿಲ್ಲ. ಶಿರೀಷಾಳ ಬಳಿ ಬಾಟಲಿ ಇಸಿದುಕೊಂಡು, ಹಿತ್ತಿಲಿನ ಬಟ್ಟೆ ಒಗೆಯುವ ಬಂಡೆಯ ಮುಂದೆ ಕೂತು, ಬೆರಳ ಮೇಲೆ ಸುರಿದ. ಕಣ್ಣಿನಲ್ಲಿ ಆದವಾನಿಯ ನಕ್ಷತ್ರವೆಲ್ಲ ಹಗಲಲ್ಲೇ ಬಂದು ಹೋದವು. ಹಲ್ಲು ಕಚ್ಚಿ ಬಂಡೆಗೆ ಉಜ್ಜಿದ. ಹೆಕ್ಕಳ ಅಲುಗಿತು. ಎಡಗೈಯಿಂದ ಹಿಡಿದು ಕಿತ್ತ. ಅಂಟು ಬಂತು, ಹತ್ತಿ ಬಂತು, ಅವುಗಳ ಜೊತೆ ಎರಡು ಬೆರಳ ತುದಿಯ ಚರ್ಮವೂ ಬಂತು.

ಆಮೇಲೆ ಡಾಕ್ಟರ ಬಳಿಗೆ ಹೋಗಲೇಬೇಕಾಯಿತು. ಕೀವಾಯಿತು, ಬಾತಿತು, ಇಂಜೆಕ್ಷನ್ನು, ಪಟ್ಟಿ. ಹತ್ತಿಯ ಕಾಲ ಅರ್ಧ ಕಳೆದ ಮೇಲೆ ಗಾಯ ಮಾಯಿತು. ಹೊಸ ಚರ್ಮ ನುಣ್ಣಗೆ, ಹೊಳೆಯುತ್ತ, ಪ್ಲಾಸ್ಟಿಕ್ ಹಾಳೆ ಹೊದಿಸಿದಂತೆ ಬಂತು. ಬೆರಳ ಗುರುತುಗಳ ಒಂದು ಗೆರೆಯೂ ಉಳಿದಿರಲಿಲ್ಲ.

"ಮೊದಲಿಗಿಂತ ಚಲೋ ಆಗ್ಯಾವು," ಎಂದು ಪಂಪಣ್ಣ ಓಣಿಗೆಲ್ಲ ಹೇಳಿದ. "ಈಗ ಹತ್ತಿ ಮುಟ್ಟಾದೂ ಬ್ಯಾಡ. ಮ್ಯಾಲೆ ಹಿಡದ್ರ ಸಾಕು, ಅದಾ ಮಾತಾಡತೈತಿ."

ಸುದ್ದಿ ಮಂಡಿಗೂ ಹೋಯಿತು. ಭೀಮಲಿಂಗಪ್ಪ, "ಬರಲಿ, ಬ್ಯಾಡಂದವ್ರು ಯಾರು? ಆದ್ರ ಒಂದ್ ಸಲ ನೀ ನೋಡ್ಕೊಂಡು ಬಾ," ಎಂದು ವಾಗೀಶನನ್ನು ಕಳಿಸಿದ.

ಸಂಜೆ ವಾಗೀಶ್ ಒಂದು ಕಾಗದದಲ್ಲಿ ಹತ್ತಿ ಕಟ್ಟಿಕೊಂಡು ಬಂದು ಕಟ್ಟೆಯ ಮೇಲೆ, ಬಾವನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ. ನಾಗಜ್ಯೋತಿ ಹೊಸ್ತಿಲಲ್ಲಿ ಜೋಳ ಕೇರುತ್ತಿದ್ದಳು.

"ದೇವನಕೊಂಡದ ಮಾಲು ಬಾವ. ನನಗ ತಿಳೀವಲ್ದು. ನೀವಾ ಹೇಳ್ರಿ. ಕುರ್ಚಿ ನಿಮ್ದಾ ಐತಿ, ನನಗ ಬ್ಯಾಡ. ನಿಂತು ಅಭ್ಯಾಸ ಆದವ ನಾನು."

"ಹಾದಿಗೆ ಬಂದ್ಯಲ್ಲ," ಎಂದ ಪಂಪಣ್ಣ. ಎದುರು ಮನೆಯ ಕಟ್ಟೆಯವರಿಗೂ ಕೇಳಲೆಂದು ಗಂಟಲು ಸರಿಮಾಡಿಕೊಂಡ. "ಅಂಡಿಗಿ ಹೊಲಿಯೋರು ಅಂಡಿಗಿ ಹೊಲೀಬೇಕು. ಕೊಡು ಇಲ್ಲಿ."

ಚಿಟಿಕೆ ತೆಗೆದುಕೊಂಡು ಕಣ್ಣು ಮುಚ್ಚಿದ. ಹೆಬ್ಬೆರಳು ತೋರುಬೆರಳು ಮೊದಲಿನಂತೆಯೇ ಮೆಲ್ಲಗೆ ಹಿಂಜಿದವು, ಎಳೆದವು, ಉಜ್ಜಿದವು. ಮೊರದ ಸದ್ದು ನಿಂತಿತು. ಪಂಪಣ್ಣ ಹೊತ್ತು ತೆಗೆದುಕೊಂಡ. ದೊಡ್ಡವರು ಹೊತ್ತು ತೆಗೆದುಕೊಳ್ಳುತ್ತಾರೆ. ಇನ್ನೊಂದು ಸಲ ಎಳೆದ.

"ಉದ್ದ ಎಳಿ," ಎಂದ. "ಒಣಗಿದ ಮಾಲು. ಗಟ್ಟಿ ಐತಿ, ಜಗ್ಗಿದ್ರ ತಂತಿ ಇದ್ದಂಗ ಐತಿ. ಮ್ಯಾಲಿನ ದರಕ್ಕ ಕೂಗ್ಸು."

ಆಮೇಲೆ ವಾಗೀಶನ ದನಿ ಬಂತು, ತೀರ ಮೆತ್ತಗೆ, ರೋಗಿಯ ಮಂಚದ ಪಕ್ಕದಲ್ಲಿ ಆಡುವ ದನಿ.

"ಸರಿ ಐತಿ ಬಾವ. ನಾನೂ ಅದಾ ಅನ್ಕೊಂಡಿದ್ದೆ."

ಪಂಪಣ್ಣ ಕಣ್ಣು ತೆರೆದ. ಹತ್ತಿಯ ಚಿಟಿಕೆ ಯಾವಾಗ ಜಾರಿತೋ, ಅವನ ಪಂಚೆಯ ಮಡಿಕೆಯಲ್ಲಿ ಬಿದ್ದಿತ್ತು. ಬೆರಳುಗಳು ಒಂದನ್ನೊಂದು ಉಜ್ಜುತ್ತ ಇನ್ನೂ ಬರಿಗಾಳಿ ಹಿಂಜುತ್ತಿದ್ದವು. ವಾಗೀಶ್ ಬೀದಿಯ ಕಡೆ ನೋಡುತ್ತಿದ್ದ. ನಾಗಜ್ಯೋತಿ ಮೊರದಲ್ಲಿ ಇಲ್ಲದ ಕಲ್ಲು ಹುಡುಕುತ್ತಿದ್ದಳು.

"ನಡಿ," ಎಂದ ಪಂಪಣ್ಣ. "ಹೋಗಿ ಕುರ್ಚ್ಯಾಗ ಕುಂದ್ರು."

ವಾಗೀಶ್ ಹೋಗಲಿಲ್ಲ. ಬಗ್ಗಿ, ಬಾವನ ತೊಡೆಯ ಮೇಲಿಂದ ಆ ಚಿಟಿಕೆಯನ್ನು ಎತ್ತಿಕೊಂಡು, ಕಾಗದದೊಳಗೆ ಹಾಕಿ, ಮಡಚಿದ. ಪಂಪಣ್ಣನಿಗೆ ಅವನ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಆದರೆ ಅದಕ್ಕೂ ಅದೇ ಕೈ ಬೇಕಿತ್ತು.